ಬಾವಿಯೂ ಸರಿದಿತ್ತು

ಆಡೂರು, ತಾ॥ ಹಾನಗಲ್ಲ
ಶನಿವಾರ, ೨ ಆಗಸ್ಟ್ ೨೦೨೫

ಪ್ರೀತಿಯ ಪೂಜಾನ ಅಪ್ಪನವರಿಗೆ, ನಿಮ್ಮ ಮನೆಯಾಕೆಯ ನಮಸ್ಕಾರಗಳು.

ಕೆಮ್ಮು ಹೇಗಿದೆ? ಇದಕ್ಕೆ ಮನಸ್ಸಿನಲ್ಲಾದರೂ ನಿಜವಾದ ಉತ್ತರ ಕೊಟ್ಟು ಮುಂದೆ ಓದಿ. ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಹೊಟ್ಟಿನ ಧೂಳು ಎಷ್ಟಿರುತ್ತದೆಂದು ನನಗೇನು ಗೊತ್ತಿಲ್ಲವೇ? ಪೂಜಾನ ಜೊತೆ ಫೋನಿನಲ್ಲಿ ಎರಡು ನಿಮಿಷ ಮಾತಾಡುವುದರೊಳಗೆ ನಾಲ್ಕು ಸಲ ಕೆಮ್ಮುತ್ತೀರಿ; ನಾನು ಪಕ್ಕದಲ್ಲೇ ನಿಂತು ಎಣಿಸುತ್ತಿರುತ್ತೇನೆ. ಮಷಿನಿನ ಹತ್ತಿರ ಹೋಗುವಾಗ ಮೂಗಿಗೆ ಟವೆಲ್ಲು ಕಟ್ಟಿಕೊಳ್ಳಿ, ಯಾರಾದರೂ ನಕ್ಕರೆ ನಗಲಿ. ಅಲ್ಲಿ ಅನ್ನ ಚಲೋ ಸಿಗುತ್ತದೆ, ಒಪ್ಪಿದೆ. ಆದರೆ ರೊಟ್ಟಿ ಮುರಿಯದೆ ನಿಮಗೆ ಉಂಡಂತೆ ಆಗುವುದಿಲ್ಲ ಎನ್ನುವುದೂ ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ಪೂಜಾನ ಮುಂದಿನ ಎರಡು ಹಲ್ಲು ಬಿದ್ದು ಮತ್ತೆ ಬಂದಿವೆ. ನೀವು ನೋಡದೆಯೇ ಬಿದ್ದವು, ನೀವು ನೋಡದೆಯೇ ಬಂದವು. ಮಳೆ ಈ ಸಲ ಹದವಾಗಿದೆ, ಗೋವಿನಜೋಳ ಸೊಂಟದ ಮಟ್ಟಕ್ಕೆ ಬಂದಿದೆ.

ಇನ್ನು ವಿಷಯ. ಹೊಲದ ಮಾತು ಎತ್ತಿದ ಕೂಡಲೇ ನೀವು ಫೋನು ಇಟ್ಟುಬಿಡುತ್ತೀರಿ, ಅದಕ್ಕಾಗಿ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ನಿಮ್ಮನ್ನು ಕೊನೆಯವರೆಗೂ ಕಾಯಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೊಲದ ಗಡಿಯ ಬಾಂದಗಲ್ಲು ನೀವು ಸರಿಸಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಾಯಿತು. ಸುಮ್ಮನೆ ಬಾಯಿಮಾತಿನಲ್ಲಿ ಅಲ್ಲ, ಅಳತೆ ಮಾಡಿ, ಹತ್ತು ಜನರ ಎದುರಿಗೆ, ನಿಮ್ಮ ಅಣ್ಣನ ಎದುರಿಗೇ. ಎಂಟು ತಿಂಗಳಿಂದ ಎದೆಯ ಮೇಲೆ ಕುಳಿತಿದ್ದ ಭಾರ ಗುರುವಾರ ಸಂಜೆ ಇಳಿಯಿತು. ಆ ದಿನ ಮನೆಗೆ ಬಂದವಳು ಕಾಲು ಚಾಚಿ ಕುಳಿತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಪೂಜಾ "ಅವ್ವಾ, ನೀ ನಗಾಕತ್ತೀಯಲ್ಲ!" ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ಹೇಗೆ ಎಂದು ಹೇಳುತ್ತೇನೆ, ತಾಳಿ. ನಾನು ಪಾಠ ಮಾಡುವವಳು, ಮೊದಲಿನಿಂದ ಹೇಳದಿದ್ದರೆ ನನಗೆ ಮುಂದೆ ಬಾಯಿ ಬರುವುದಿಲ್ಲ. ಅದೂ ಅಲ್ಲದೆ ಪೂಜಾ ದೊಡ್ಡವಳಾದ ಮೇಲೆ ಈ ಕಾಗದ ಓದಬೇಕು, ಅವಳಿಗೆ ಎಲ್ಲವೂ ತಿಳಿಯಬೇಕು.

೨೦೧೩ರ ಸಂಕ್ರಾಂತಿಯ ಹೊತ್ತಿಗೆ, ನಿಮ್ಮ ಅಪ್ಪ, ನಮ್ಮ ಮಾವ ಅಜ್ಜಪ್ಪನವರು, ಹೊಲವನ್ನು ಇಬ್ಬರು ಮಕ್ಕಳಿಗೂ ಪಾಲು ಹಂಚಿ ವಾಟ್ನಿ ಮಾಡಿಕೊಟ್ಟರು. ಈಶಾನ್ಯದ ತುಂಡು ಭಾವನವರಿಗೆ, ಅಂದರೆ ನಿಮ್ಮ ಅಣ್ಣ ಮಾರೆಪ್ಪನವರಿಗೆ, ನೈಋತ್ಯದ್ದು ನಿಮಗೆ, ನಡುವಿನ ಬಾವಿ ಇಬ್ಬರಿಗೂ. ಆಗ ಕಾಲುವೆಯ ಸರ್ವೆಗೆ ಎಲ್ಲಿಂದಲೋ ಒಂದು ತಂಡ ಬಂದು ನಮ್ಮೂರಲ್ಲಿ ಬಿಡಾರ ಹೂಡಿತ್ತಲ್ಲ, ಅವರಿಗೆ ಮಜ್ಜಿಗೆ ಕುಡಿಸಿ, ರೊಟ್ಟಿ ಉಣ್ಣಿಸಿ ಮಾವ ನಮ್ಮ ಹೊಲದ ಅಳತೆಯನ್ನೂ ಮಾಡಿಸಿಕೊಂಡರು. ಮೂರು ಕಾಲಿನ ಮೇಲೆ ಬಿಳಿ ಟೋಪಿಯಂಥ ಆ ಯಂತ್ರ ಒಂದೊಂದು ಕಲ್ಲಿನ ಮೇಲೆ ಮೂರು ಮೂರು ತಾಸು ಕುಳಿತು ಉಪಗ್ರಹಗಳ ಜೊತೆ ಮಾತಾಡಿತು. ನಾಲ್ಕು ಕಲ್ಲು, ಆಮೇಲೆ ಬಾವಿಯ ಕಟ್ಟೆ. ಆ ಅಂಕಿಗಳನ್ನು ಬರೆದುಕೊಟ್ಟ ಕಾಗದ ಮಾವನವರಿಗೆ ದೇವರ ಪಟಕ್ಕಿಂತ ಹೆಚ್ಚಾಯಿತು. "ಮನಿಷಾ ಸುಳ್ಳ ಹೇಳಬಹುದು, ಮ್ಯಾಲಿನ ಅಂಕಿ ಸುಳ್ಳ ಹೇಳೂದಿಲ್ಲ" ಎಂದು ಸಾಯುವವರೆಗೂ ಹೇಳುತ್ತಿದ್ದರು. ಅವರು ಹೋದ ಮೇಲೆ ಭಾವನವರು ಆ ಕಾಗದಕ್ಕೆ ಕಟ್ಟು ಹಾಕಿಸಿ, ಗಾಜು ಕೂಡಿಸಿ, ದೇವರ ಜಗುಲಿಯ ಪಕ್ಕ ತೂಗುಹಾಕಿದರು. ಅಮಾವಾಸ್ಯೆಗೊಮ್ಮೆ ಅದಕ್ಕೂ ಊದಿನಕಡ್ಡಿ ಬೆಳಗುತ್ತಿದ್ದರು.

ಹೋದ ಡಿಸೆಂಬರಿನಲ್ಲಿ ಭಾವನವರಿಗೆ ನಡುವಿನ ಬದುವಿಗೆ ತಂತಿ ಬೇಲಿ ಹಾಕಿಸುವ ಹುಕಿ ಬಂತು. ಶಿಗ್ಗಾಂವಿಯಿಂದ ಸರ್ವೆ ಮಾಡುವ ಮುನಾಫನನ್ನು ಕರೆಸಿದರು. ಅವನು ಟೇಪು ಹಿಡಿದು ಅಳೆದು ಕೊಡುತ್ತೇನೆ ಎಂದರೆ ಇವರು ಕೇಳಲಿಲ್ಲ. ಅಪ್ಪ ಹೇಗೆ ಅಳೆಸಿದ್ದರೋ ಹಾಗೆಯೇ, ಉಪಗ್ರಹದಿಂದಲೇ ಆಗಬೇಕೆಂದು ಹಟ. ಬೇಲಿ ಹಾಕುವುದು ನಡುವೆ ಮಾತ್ರ, ಹಾಗಾಗಿ ನಡುವಿನ ಎರಡೇ ಕಲ್ಲು ಅಳೆದರು. ಎರಡೂ ಹಳೆಯ ಅಂಕಿಗಿಂತ ಎರಡು ಅಡಿ ಒಂದು ಬೆರಳು ಈಶಾನ್ಯಕ್ಕೆ, ಭಾವನವರ ಹೊಲದೊಳಗೆ ಸರಿದಿದ್ದವು. ಎರಡೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇಲ್ಲದೆ ಒಂದೇ ಸಮ ಸರಿದಿವೆಯಲ್ಲ ಎಂದು ಆಗಲೇ ಯಾರಿಗಾದರೂ ಅನುಮಾನ ಬರಬೇಕಿತ್ತು. ಬಂದದ್ದು ಬೇರೆ. "ಎಷ್ಟ ಶಾಣ್ಯಾ ಅದಾನ ನೋಡ್ರಿ, ಎರಡನ್ನೂ ಒಂದ ಅಳತಿಗೆ ಸರಿಸ್ಯಾನ" ಅಂದರು ಭಾವನವರು. ಹಿಂದಿನ ಮಳೆಗಾಲದಲ್ಲಿ ವಾಲಿದ್ದ ಒಂದು ಕಲ್ಲಿನ ಬುಡಕ್ಕೆ ನೀವು ಸಿಮೆಂಟು ಹಾಕಿದ್ದಿರಿ. ಅದೊಂದು ಸಾಕಾಯಿತು.

ನಿಮ್ಮ ಮನೆತನದಲ್ಲಿ ಬದುವಿನ ತಂಟೆ ಬಂದರೆ ಹೊಲದ ಹಸಿ ಮಣ್ಣನ್ನು ತಲೆಯ ಮೇಲೆ ಹೊತ್ತು ಬದುವಿನ ಈ ತುದಿಯಿಂದ ಆ ತುದಿಗೆ ನಡೆದು ಆಣೆ ಮಾಡುವ ಪದ್ಧತಿ. ಅಂದು ಭಾವನವರು ಜನರ ಎದುರಿಗೆ ಮಣ್ಣಿನ ಹೆಂಟೆ ಎತ್ತಿ ನಿಮ್ಮ ಮುಂದೆ ಹಿಡಿದರು. "ಹೊರು. ಹೊತ್ತು ನಡದು ತೋರಸು." ನೀವು ಕೈ ಕಟ್ಟಿಕೊಂಡು ನಿಂತೇ ಇದ್ದಿರಿ. "ನಾ ಹೇಳಿದ್ದ ನಂಬದವ, ಮಣ್ಣ ಹೊತ್ರ ನಂಬ್ತೀಯೇನಣ್ಣಾ?" ಎಂದಿರಿ. ಅಷ್ಟೇ. ಹೊರಲಿಲ್ಲ ಅಂದ ಮೇಲೆ ತಪ್ಪು ಒಪ್ಪಿಕೊಂಡಂತೆ ಎಂದು ಊರು ತೀರ್ಮಾನ ಮಾಡಿತು. ಆಗ ನೀವು ಒಮ್ಮೆ ನನ್ನ ಕಡೆ ನೋಡಿದಿರಿ. ಮೂರನೆಯ ದಿನ ಬೆಳಗಿನ ಬಸ್ಸಿಗೆ ಚೀಲ ಹಿಡಿದು ಹೊರಟೇಬಿಟ್ಟಿರಿ. ಆಮೇಲಿನ ನನ್ನ ಎಂಟು ತಿಂಗಳನ್ನು ಇಲ್ಲಿ ಬರೆಯುವುದಿಲ್ಲ. ನೀರು ತರಲು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು, ಶಾಲೆಯಲ್ಲಿ ನಾನು "ಗಡಿ" ಎಂಬ ಶಬ್ದ ಹೇಳಿದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗುತ್ತಿದ್ದರು. ಅಷ್ಟು ಗೊತ್ತಿದ್ದರೆ ಸಾಕು.

ಈಗ ಕೇಳಿ. ಹತ್ತು ದಿನಗಳ ಹಿಂದೆ ಎಂಟನೆಯ ವರ್ಗಕ್ಕೆ ಭೂಮಿಯ ಪಾಠ ಬಂತು. ಹನ್ನೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ. ಭೂಮಿಯ ಮೇಲಿನ ಗಟ್ಟಿ ಚಿಪ್ಪು ಅಖಂಡವಾಗಿಲ್ಲ, ದೊಡ್ಡವು ಸಣ್ಣವು ಸೇರಿ ಹತ್ತಿಪ್ಪತ್ತು ತುಂಡುಗಳಾಗಿ ಒಡೆದಿದೆ. ಅವಕ್ಕೆ ಫಲಕಗಳು ಅನ್ನುತ್ತಾರೆ. ಕೆಳಗಿನ ಮ್ಯಾಂಟಲ್ ಬಂಡೆಯೇ, ಆದರೆ ಕೋಟಿಗಟ್ಟಲೆ ವರ್ಷಗಳ ಲೆಕ್ಕದಲ್ಲಿ ಅದೂ ಹರಿಯುತ್ತದೆ. ಒಳಗಿನ ಬಿಸಿ ಮೇಲಕ್ಕೆ ಬರುತ್ತದೆ, ತಣ್ಣಗಾದದ್ದು ಕೆಳಕ್ಕೆ ಇಳಿಯುತ್ತದೆ, ಅದರ ಜೊತೆಗೆ ಮೇಲಿನ ಫಲಕಗಳೂ ಸರಿಯುತ್ತವೆ. ಈ ಸಲ ಹುಡುಗರನ್ನು ಬಿಸಿಯೂಟದ ಅಡುಗೆಮನೆಗೆ ಕರೆದುಕೊಂಡು ಹೋಗಿ ಕಾಯುತ್ತಿದ್ದ ಹಾಲು ತೋರಿಸಿದೆ. ಕೆನೆ ಕಟ್ಟಿ, ನಡುವೆ ಬಿರಿದು, ಒಂದು ತುಂಡು ಇನ್ನೊಂದರ ಕೆಳಗೆ ನುಸುಳಿ, ಎರಡು ತುಂಡು ಡಿಕ್ಕಿ ಹೊಡೆದಲ್ಲಿ ಮಡಿಕೆ ಬಿದ್ದು ಎದ್ದು ನಿಂತಿತು. ಬಿರಿದ ಕಡೆ ಹೊಸ ಕೆನೆ ಕಟ್ಟಿತು. ಸಮುದ್ರದ ನಡುವೆ ಹೊಸ ನೆಲ ಹುಟ್ಟುವುದು ಹೀಗೆ, ಹಿಮಾಲಯ ಎದ್ದದ್ದು ಹೀಗೆ ಎಂದೆ. ಕೆಲವು ಕಡೆ ತುಂಡುಗಳು ಬರೀ ಮೈ ಉಜ್ಜಿಕೊಂಡು ಪಕ್ಕಕ್ಕೆ ಸರಿಯುತ್ತವೆ, ಉಜ್ಜುವಾಗ ಸಿಕ್ಕಿಕೊಂಡು ಒಮ್ಮೆಲೇ ಬಿಟ್ಟರೆ ಭೂಕಂಪ, ಅದನ್ನೂ ಹೇಳಿದೆ. ಅಡುಗೆಯಾಕೆ "ಟೀಚರ್, ಹಾಲ ಉಕ್ಕತೈತ್ರಿ, ನಿಮ್ಮ ಹಿಮಾಲಯ ಅತ್ತಾಗ ಇಡ್ರಿ" ಎಂದು ಬೈದಳು.

ಮರಳಿ ವರ್ಗಕ್ಕೆ ಬಂದು ಬೋರ್ಡಿನ ಮೇಲೆ ಬರೆದೆ: ಭಾರತದ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಚಲಿಸುತ್ತದೆ. ಶಬನಮ ಎಂಬ ಹುಡುಗಿ ಕೈ ಎತ್ತಿದಳು. ಸವಣೂರಿನ ಕಡೆಯವಳು, ಇಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಾಳೆ, ಕೇಳಿದ್ದಕ್ಕೆ ಉತ್ತರ ಸಿಗುವವರೆಗೆ ಕುಳಿತುಕೊಳ್ಳುವವಳಲ್ಲ. "ಟೀಚರ್, ದೇಶ ಸರಕೋಂತ ಹೊಂಟೈತಿ ಅಂದ್ರ ನಮ್ಮ ಮನಿ ದಿನಾ ಇದ್ದಲ್ಲೇ ಹೆಂಗ ಸಿಗ್ತೈತ್ರಿ?" ನಾನು ಹೇಳಿದೆ: ಸವಣೂರಿನ ಬಸ್ಸಿನಲ್ಲಿ ನೀನು ಕುಳಿತ ಸೀಟೂ ಡ್ರೈವರನ ಸೀಟೂ ಹತ್ತಿರ ಆಗುತ್ತವೆಯೇ, ದೂರ ಆಗುತ್ತವೆಯೇ? ಇಲ್ಲ. ಎಲ್ಲವೂ ಕೂಡಿಯೇ ಹೋಗುತ್ತವೆ. ಮನೆ, ಹೊಲ, ಶಾಲೆ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲವೂ ಒಂದೇ ಬಸ್ಸಿನಲ್ಲಿವೆ. ಅವಳು ಅಷ್ಟಕ್ಕೆ ಬಿಡಲಿಲ್ಲ. "ಆದ್ರ ಮ್ಯಾಲ ಉಪಗ್ರಹ ಅದಾವಲ್ರಿ, ಅವು ಬಸ್ಸಿನ್ಯಾಗ ಇಲ್ಲಲ್ರಿ. ಅವಕ್ಕ ಗೊತ್ತಾಗಬೇಕಲ್ರಿ?"

ರೀ, ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೆಯೇ ನಿಂತಿತು. ಬೋರ್ಡಿನ ಮೇಲೆ ನಾನೇ ಬರೆದದ್ದು: ಐದು ಸೆಂಟಿಮೀಟರ್, ಈಶಾನ್ಯಕ್ಕೆ. ನಮ್ಮ ಕಲ್ಲು ಸರಿದದ್ದೂ ಈಶಾನ್ಯಕ್ಕೇ. ಅದರ ಪಕ್ಕದಲ್ಲೇ ಗುಣಾಕಾರ ಮಾಡಿದೆ. ೨೦೧೩ರಿಂದ ೨೦೨೪ರ ಡಿಸೆಂಬರಿಗೆ ಹನ್ನೆರಡು ವರ್ಷ. ಹನ್ನೆರಡೈದಲೆ ಅರವತ್ತು. ಐದಕ್ಕಿಂತ ಒಂಚೂರು ಹೆಚ್ಚೇ ಸರಿಯುತ್ತದೆ, ಅದನ್ನೂ ಸೇರಿಸಿದರೆ ಅರವತ್ತಮೂರು. ಎರಡು ಅಡಿ ಒಂದು ಬೆರಳು! ಹುಡುಗರ ಎದುರಿಗೇ ಕುರ್ಚಿಯ ಮೇಲೆ ದೊಪ್ಪನೆ ಕುಳಿತೆ. ಹನ್ನೆರಡು ವರ್ಷ ಊರಿನ ಮಕ್ಕಳಿಗೆಲ್ಲ ಹೇಳಿದ ಮಾತನ್ನು ನಾನು ಮಾತ್ರ ಕೇಳಿಸಿಕೊಂಡಿರಲಿಲ್ಲ. ಎಂಥ ಮಾಸ್ತರಣಿ ನಾನು! ಶಬನಮ ಹೆದರಿ ನೀರು ತಂದುಕೊಟ್ಟಳು. ನಾನು ನೀರು ಕುಡಿದು ಅವಳ ಕೆನ್ನೆ ಹಿಂಡಿದೆ.

ಆದರೆ ಗುಣಾಕಾರ ನನ್ನ ಬೋರ್ಡಿನ ಮೇಲಿತ್ತು, ಕಳ್ಳತನ ಊರವರ ಬಾಯಲ್ಲಿತ್ತು. ತೋರಿಸುವುದು ಹೇಗೆ? ಆಗ ಬಾವಿ ನೆನಪಾಯಿತು. ಕಾಗದದಲ್ಲಿ ಐದನೆಯ ಅಂಕಿ ಬಾವಿಕಟ್ಟೆಯದು. ನಿಮ್ಮ ಅಜ್ಜನ ಕಾಲದಲ್ಲಿ ಕಟ್ಟಿದ ಅರವತ್ತು ಅಡಿ ಆಳದ ಬಾವಿಯನ್ನು ಯಾರೂ ಹಾರೆ ಹಾಕಿ ಸರಿಸಲು ಆಗುವುದಿಲ್ಲ. ಬಾವಿಯೂ ಅಷ್ಟೇ ಸರಿದಿದ್ದರೆ ನೀವು ಗೆದ್ದಿರಿ. ಸರಿಯದಿದ್ದರೆ ನಾನು ಇನ್ನೊಮ್ಮೆ ಮಣ್ಣು ತಿನ್ನಬೇಕು. ಅಂದು ಸಂಜೆಯೇ, ಎಂಟು ತಿಂಗಳಿಂದ ಹೊಸ್ತಿಲು ತುಳಿಯದ ಭಾವನವರ ಮನೆಗೆ ಹೋದೆ. ಶಿಗ್ಗಾಂವಿಗೆ ಫೋನು ಮಾಡಿ ಮುನಾಫನಿಗೂ ಹೇಳಿದ್ದೆ. ಅವನು ಮೊದಲು "ನನ್ನ ಮಷಿನ್ ತಪ್ಪ ತೋರಸೂದಿಲ್ರಿ ಮೇಡಮ್" ಎಂದು ಸೆಟೆದುಕೊಂಡ. ಆಮೇಲೆ ನನ್ನ ಗುಣಾಕಾರವನ್ನು ತಾನೂ ಮಾಡಿ ನೋಡಿ, "ನಾ ಕಲ್ಲ ಅಳದೇನ್ರಿ. ದೇಶ ಸರದಿದ್ದ ಲೆಕ್ಕಕ್ಕ ಹಿಡದಿಲ್ರಿ" ಎಂದ. ದನಿ ಸಣ್ಣದಾಗಿತ್ತು.

ಭಾವನವರು ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ಎಲ್ಲ ಹೇಳಿದೆ. ತಲೆ ಎತ್ತಲಿಲ್ಲ. "ಪುಸ್ತಕದ ಮಾತ ಪುಸ್ತಕದಾಗ ಇರ್ಲಿ" ಅಂದರು. ಒಳಗಿನಿಂದ ನಿಮ್ಮ ವೈನಿ ಸರೋಜವ್ವ ಬಂದರು, ಕೈಯೆಲ್ಲ ಹಿಟ್ಟು. ಅವರು ಗಂಡನ ಎದುರು ದನಿ ಎತ್ತಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. "ಅಳಸ್ರಿ. ಬಾವಿ ಸರದಿಲ್ಲ ಅಂದ್ರ ನಿಮ್ಮ ಮಾತ ಗೆದ್ದಂಗಾತಲ್ಲ, ಅಂಜಿಕಿ ಯಾಕ? ನನಗ ಓದಾಕ ಬರೂದಿಲ್ಲ, ಲೆಕ್ಕ ತಿಳಿಯೂದಿಲ್ಲ. ನನ್ನ ಮೈದುನ ಕಳ್ಳ ಅಲ್ಲ ಅನ್ನೂದು ಮಾತ್ರ ಮೊದಲ ದಿನದಿಂದ ಗೊತ್ತೈತಿ" ಅಂದರು. ನನಗೆ ಮುಖ ಎತ್ತಿ ಅವರನ್ನು ನೋಡಲು ಆಗಲಿಲ್ಲ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಪಂಚಮಿ ಮುಗಿಸಿಕೊಂಡು ಮೊನ್ನೆ ಗುರುವಾರ ಮುನಾಫ ಬಂದ. ಮಳೆ ಒಂದಿಷ್ಟು ಹೊಳವಾಗಿ ಬಿಡುವು ಕೊಟ್ಟಿತ್ತು. ಊರ ಜನ ಅಂದು ಜಗಳ ನೋಡಲು ಹೇಗೆ ಬಂದಿದ್ದರೋ ಹಾಗೆಯೇ ಬಂದರು. ಭಾವನವರು ಗಾಜಿನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಛತ್ರಿ ಬಿಚ್ಚಿ, ದೂರ ನಿಂತರು. ಯಂತ್ರವನ್ನು ಬಾವಿಕಟ್ಟೆಯ ಮೇಲೆ ಕೂಡಿಸಿ ಮೂರು ತಾಸು ಕಾಯಬೇಕು. ಆ ಮೂರು ತಾಸು ನಾನು ಹೇಗೆ ಕಳೆದೆ ಅನ್ನುತ್ತೀರಿ! ಪಂಚಮಿಯ ಉಂಡಿಗಳನ್ನು ಎಲ್ಲರಿಗೂ ಹಂಚಿದೆ, ನಾನು ಒಂದೂ ಮುಟ್ಟಲಿಲ್ಲ. ಒಂದು ವೇಳೆ ಬಾವಿ ಇದ್ದಲ್ಲೇ ಇದ್ದರೆ? ಆಮೇಲೆ ನೀವು ಈ ಜನ್ಮದಲ್ಲಿ ಊರಿಗೆ ಬರುವುದಿಲ್ಲ. ಮುನಾಫ ಅಂಕಿ ನೋಡಿದ, ಕನ್ನಡಕ ತೆಗೆದು ಒರೆಸಿದ, ಮತ್ತೆ ನೋಡಿದ. ಮೂರನೆಯ ಸಲ ನೋಡಿ ಭಾವನವರ ಕಡೆ ತಿರುಗಿ, "ಅಣ್ಣಾರ, ಬಾವಿ ಸರದೈತ್ರಿ" ಎಂದ. ಎರಡು ಅಡಿ ಮೂರು ಬೆರಳು, ಈಶಾನ್ಯಕ್ಕೆ.

"ಬಾವಿ ಹೆಂಗ ಸರೀತೈತೋ ಹುಚ್ಚಪ್ಪಾ" ಅಂದರು ಭಾವನವರು. ಜನರಲ್ಲಿ ಯಾರೋ ಬಾವಿಯೊಳಗೆ ಇಣುಕಿ ನೋಡಿದರು, ನೀರು ಅಲ್ಲೇ ಇದೆಯೋ ಇಲ್ಲವೋ ಅನ್ನುವಂತೆ. ಮುನಾಫ ಯಂತ್ರವನ್ನು ನೀವು ಸಿಮೆಂಟು ಹಾಕಿದ್ದ ನಡುವಿನ ಕಲ್ಲಿನ ಮೇಲೆ ಕೂಡಿಸಿ, ಮತ್ತೆ ಮೂರು ತಾಸು ಕಾದು, ಇನ್ನೊಮ್ಮೆ ಅಳೆದ. ಅದೂ ಈಗ ಎರಡು ಅಡಿ ಮೂರು ಬೆರಳು! ಡಿಸೆಂಬರಿನಲ್ಲಿ ಒಂದೇ ಬೆರಳಿದ್ದದ್ದು ಎಂಟು ತಿಂಗಳಲ್ಲಿ ಇನ್ನೂ ಎರಡು ಬೆರಳು ಮುಂದೆ ಹೋಗಿದೆ. ಆಗ ನಾನು ನಡುವೆ ಹೋಗಿ ನಿಂತೆ. ಶಾಲೆಯ ದನಿಯಲ್ಲಿಯೇ ಕೇಳಿದೆ: "ಈ ಎರಡ ಬೆರಳ ಯಾರ ಸರಿಸಿದ್ರು? ನಮ್ಮ ಮನಿಯವರು ಗಂಗಾವತ್ಯಾಗ ಅದಾರ. ಊರಾಗ ಇಲ್ಲದವರು ಬಂದು ಸರಿಸಿದ್ರೇನು?" ಉಪಗ್ರಹಗಳು ಭೂಮಿಯ ನಡುಗರ್ಭವನ್ನು ಹಿಡಿದು ಸುತ್ತುತ್ತವೆ, ಅವುಗಳ ಅಂಕಿ ಯಾರ ನೆಲಕ್ಕೂ ಅಂಟಿಕೊಂಡಿಲ್ಲ. ನಮ್ಮ ನೆಲ ಅದರ ಕೆಳಗೆ ವರ್ಷಕ್ಕೆ ಮೂರು ಬೆರಳಿನಷ್ಟು ಸರಿಯುತ್ತದೆ. ಹಾಗಾಗಿ ಅಂಕಿಯ ಜೊತೆಗೆ ತಾರೀಖು ನೋಡದಿದ್ದರೆ ಮೋಸ ಎಂದು ಮುನಾಫನೇ ಎಲ್ಲರಿಗೂ ಬಿಡಿಸಿ ಹೇಳಿದ. ತಪ್ಪು ತನ್ನದು ಎಂದೂ ಹೇಳಿದ. ಒಳ್ಳೆಯವನು, ಅವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ.

ತಾರೀಖು ಎಲ್ಲಿ ಎಂದು ಕಾಗದ ನೋಡಿದರೆ ಕಾಣಲೊಲ್ಲದು. ಕಟ್ಟು ಹಾಕಿದವನು ಅದನ್ನು ಅಂಚಿನ ಪಟ್ಟಿಯೊಳಗೆ ಮುಚ್ಚಿಬಿಟ್ಟಿದ್ದ! ಊದಿನಕಡ್ಡಿ ಬೆಳಗುವುದಷ್ಟೇ ಆಯಿತು, ಬೇಕಾದದ್ದು ಒಳಗೆ ಸೇರಿಕೊಂಡಿತ್ತು. ಭಾವನವರು ತಾವೇ ಕುಳಿತು ಮೊಳೆ ಕಿತ್ತು ಗಾಜು ತೆಗೆದರು. ಕಾಗದ ತಿರುವಿದಾಗ ಹಿಂದೆ ಪೆನ್ಸಿಲಿನಲ್ಲಿ ಮಾವನವರ ಅಕ್ಷರ: "ಬಾವಿಕಟ್ಟೆಯಿಂದ ನಡುವಿನ ಕಲ್ಲಿಗೆ ೧೪೨ ಅಡಿ ೪ ಇಂಚು, ಟೇಪು ಹಿಡಿದು ನಾನೇ ಅಳೆದದ್ದು." ಮುನಾಫ ಟೇಪು ತೆಗೆದ. ಒಂದು ತುದಿಯನ್ನು ನಾನು ಬಾವಿಕಟ್ಟೆಗೆ ಒತ್ತಿ ಹಿಡಿದೆ, ಇನ್ನೊಂದು ತುದಿ ಹಿಡಿದು ಭಾವನವರೇ ಕಲ್ಲಿನವರೆಗೆ ನಡೆದರು. ನೂರಾ ನಲವತ್ತೆರಡು ಅಡಿ ನಾಲ್ಕು ಇಂಚು. ಡಿಸೆಂಬರಿನಲ್ಲಿ ಹತ್ತು ನಿಮಿಷದ ಈ ಕೆಲಸ ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ನನಗೆ ಅಳುವೇ ಬಂತು, ಅಲ್ಲೇ ನಿಂತು ಅತ್ತೆ.

ಭಾವನವರು ಟೇಪು ಬಿಟ್ಟು ಕಲ್ಲಿನ ಹತ್ತಿರವೇ ಕುಕ್ಕರಗಾಲಿನಲ್ಲಿ ಕುಳಿತರು. ಬುಡದ ಸಿಮೆಂಟಿನ ಮೇಲೆ ಕೈಯಾಡಿಸಿ, "ಅವನ ಹೊಲಾ ಅಷ್ಟ ಅಲ್ಲ, ನನ್ನ ಹೊಲಾನೂ ಸರದೈತಿ. ಅಪ್ಪನ್ನ ಮಣ್ಣ ಮಾಡಿದ ಗದ್ದಗಿನೂ ಸರದೈತಿ. ನಾ ಯಾರನ್ನ ಕಳ್ಳ ಅನ್ಲಿ?" ಅಂದರು. ಆಮೇಲೆ ಆದದ್ದನ್ನು ನೀವು ನೋಡಬೇಕಿತ್ತು. ಮಳೆಗೆ ನೆಂದ ಹೊಲದಿಂದ ಎರಡೂ ಕೈ ತುಂಬ ಮಣ್ಣು ಬಾಚಿ ತಲೆಯ ಮೇಲೆ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ, ಬದುವಿನ ಈ ತುದಿಯಿಂದ ಆ ತುದಿಗೆ ನಡೆದರು. ಕೆಸರು ನೀರು ಕಿವಿಯ ಹಿಂದಿನಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಸರೋಜವ್ವ ವೈನಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಆ ತುದಿಗೆ ಹೋಗಿ ಗಟ್ಟಿಯಾಗಿ ಕೂಗಿ ಹೇಳಿದರು: "ನನ್ನ ತಮ್ಮ ಮುಟ್ಟಿಲ್ಲ. ಸುಳ್ಳ ಆಡಿದಾಂವ ನಾನು." ಊರವರಿಗೆ ಮನೆಗೆ ಹೋಗಲು ದಾರಿ ತೋಚಲಿಲ್ಲ.

ಇದೆಲ್ಲ ಆದ ಮೇಲೆ ನಿನ್ನೆ ವರ್ಗದಲ್ಲಿ ಶಬನಮ ಮತ್ತೆ ಎದ್ದು ನಿಂತಳು. ಉಳಿದ ಗ್ರಹಗಳಲ್ಲಿಯೂ ಹೀಗೆ ನೆಲ ಸರಿಯುತ್ತದೆಯೇ ಎಂದು ಕೇಳಿದಳು. ನನಗೆ ಹುರುಪು ಬಂದಿತ್ತು, ಗಂಟೆ ಹೊಡೆದರೂ ಬಿಡದೆ ಹೇಳಿದೆ. ಮಂಗಳದ ಚಿಪ್ಪು ತುಂಡುಗಳಾಗಿಲ್ಲ, ಒಂದೇ ಮುಚ್ಚಳ, ಅಲುಗಾಡುವುದಿಲ್ಲ. ಕೆಳಗಿನ ಬಿಸಿ ಒಂದೇ ಜಾಗದಲ್ಲಿ ಉಕ್ಕಿ ಉಕ್ಕಿ ಅಲ್ಲಿ ಎವರೆಸ್ಟಿನ ಎರಡೂವರೆ ಪಟ್ಟು ಎತ್ತರದ ಜ್ವಾಲಾಮುಖಿ ಬೆಳೆದು ನಿಂತಿದೆ. ನಮ್ಮಲ್ಲಾದರೆ ನೆಲ ಸರಿದು ಹೋಗುವುದರಿಂದ ಒಂದೇ ಗುಡ್ಡ ಅಷ್ಟು ಬೆಳೆಯುವುದಿಲ್ಲ, ಸಾಲಾಗಿ ಹಲವು ಗುಡ್ಡಗಳು ಏಳುತ್ತವೆ. ಶುಕ್ರ ನಮ್ಮ ಭೂಮಿಯಷ್ಟೇ ದೊಡ್ಡದು, ಆದರೂ ಅಲ್ಲಿ ಫಲಕಗಳು ಹೀಗೆ ಓಡಾಡುವುದು ಕಾಣುವುದಿಲ್ಲ. ನೀರಿಲ್ಲದೆ ಚಿಪ್ಪು ಬಿಗಿದುಕೊಂಡಿದೆ ಎಂದು ಕೆಲವರ ಅಂದಾಜು, ಯಾರಿಗೂ ಖಾತ್ರಿ ಇಲ್ಲ. ಬುಧ ಒಳಗಿನಿಂದ ಆರಿ ಕುಗ್ಗಿ ಸುಕ್ಕುಗಟ್ಟಿದೆ. ಗುರುವಿನ ಒಂದು ಚಂದ್ರನ ಮೇಲೆ ಮಂಜುಗಡ್ಡೆಯ ಚಿಪ್ಪು ಒಡೆದು ಸರಿಯುತ್ತಿರಬಹುದು ಅನ್ನುತ್ತಾರೆ. ತಿಳಿದ ಮಟ್ಟಿಗೆ ಇಷ್ಟು ಚಂದಾಗಿ ಫಲಕಗಳು ನಡೆದಾಡುವುದು ನಮ್ಮ ಭೂಮಿಯಲ್ಲೇ. ಶಬನಮ ಯೋಚನೆ ಮಾಡಿ, "ಹಂಗಾದ್ರ ಮಂಗಳದಾಗ ಬಾಂದದ ಜಗಳ ಇರೂದಿಲ್ಲ ಬಿಡ್ರಿ" ಅಂದಳು. ಮನೆಗೆ ಬಂದು ಪೂಜಾಗೆ ಹೇಳಿದರೆ ಅವಳು, "ದೊಡ್ಡಪ್ಪನ್ನ ಅಲ್ಲೇ ಕಳಿಸಿಬಿಡೂಣು" ಅನ್ನುತ್ತಾಳೆ, ದೊಡ್ಡಪ್ಪನ ಮನೆಯ ಉಂಡಿಯನ್ನೇ ತಿನ್ನುತ್ತ. ನೋಡಿ, ಎಂಟು ತಿಂಗಳ ಮೇಲೆ ಅವಳು ಆ ಮನೆಗೆ ಓಡಾಡುವುದು ಶುರುವಾಗಿದೆ, ಮಧ್ಯಾಹ್ನ ಊಟಕ್ಕೂ ಕರೆದರೆ ಬರುವುದಿಲ್ಲ.

ಇನ್ನು ನೀವು ಬರಬೇಕು. ಸಿಟ್ಟಿದ್ದರೆ ಸಿಟ್ಟು ಮಾಡಿಕೊಂಡೇ ಬನ್ನಿ, ಇಲ್ಲಿ ಬಂದು ಮಾಡಿ. ಮಿಲ್ಲಿನವರಿಗೆ ಹೇಳಿ, ಲೆಕ್ಕ ಚುಕ್ತಾ ಮಾಡಿಸಿಕೊಂಡು, ಕೆಮ್ಮಿಗೆ ಹಾನಗಲ್ಲಿನ ಡಾಕ್ಟರಿಗೆ ತೋರಿಸಿದರಾಯಿತು. ಪೂಜಾ ಅಪ್ಪಗೆ ಮುತ್ತು ಕಳಿಸಿದ್ದಾಳೆ, ಹೊಸ ಹಲ್ಲು ತೋರಿಸುತ್ತಾಳಂತೆ. ಸರೋಜವ್ವ ವೈನಿ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಒಂದು ಡಬ್ಬಿ ಶೇಂಗಾ ಉಂಡಿ, ಒಂದು ಡಬ್ಬಿ ಎಳ್ಳುಂಡಿ. ಹೊಟ್ಟೆ ತುಂಬ ತಿನ್ನಿ, ಮಿಲ್ಲಿನವರಿಗೂ ಕೊಡಿ.

ದಾರಿ ಕಾಯುತ್ತಿರುವ,
ನಿಮ್ಮ ಸುಧಾರಾಣಿ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿ ಅವಸರದಲ್ಲಿ ಬರೆಯುತ್ತಿದ್ದೇನೆ. ಅಂದು ಬದುವಿನ ಮೇಲೆ ನೀವು ನನ್ನ ಕಡೆ ನೋಡಿದಾಗ ನಾನು ತಲೆ ಬಗ್ಗಿಸಿದೆ. ನಾಚಿಕೆಯಿಂದ ಬಗ್ಗಿಸಿದ್ದು ಅಂತ ನೀವು ಅಂದುಕೊಂಡಿರಬಹುದು. ಅಲ್ಲ. ನಿಮ್ಮ ಕೈಗೆ ಮೆತ್ತಿದ್ದ ಸಿಮೆಂಟು ನೆನಪಾಗಿ, ನೀವೇ ಸರಿಸಿದ್ದೀರಿ ಅಂತ ನಾನೂ ನಂಬಿದ್ದೆ. ಮೊನ್ನೆ ಬಾವಿಕಟ್ಟೆಯ ಹತ್ತಿರ ಕಾಯುವಾಗಲೂ ಅರ್ಧ ನಂಬಿದ್ದೆ. ಇದನ್ನು ಬರೆಯದೆ ಮುಚ್ಚಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ತಪ್ಪಾಯಿತು ರೀ. ನಿಮ್ಮನ್ನು ನಂಬದವರು ಮನೆಯಲ್ಲಿ ಇಬ್ಬರು. ಒಬ್ಬಳು ಇದನ್ನು ಬರೆದಳು. ಇನ್ನೊಬ್ಬರು "ಟಪಾಲಿಗೆ ಹಾಕಬ್ಯಾಡ, ನನ್ನ ಕೈಯಾಗ ಕೊಡು" ಎಂದು ಈಗ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾರೆ, ಹುಬ್ಬಳ್ಳಿಯ ಬಸ್ಸಿಗೆ ಹೊತ್ತಾಯಿತು. ನೀವು ಅವರ ಮುಖ ನೋಡದೆ ಲಕೋಟೆ ಇಸಿದುಕೊಂಡು ಮಿಲ್ಲಿನ ಗೇಟಿನಲ್ಲಿ ನಿಂತೇ ಓದುತ್ತಿರುತ್ತೀರಿ, ನನಗೆ ಗೊತ್ತು. ಅವರಿಗೆ ತಪ್ಪಾಯಿತು ಅನ್ನಲು ಬರುವುದಿಲ್ಲ. "ಚಹಾ ಆತೇನೋ?" ಅಂದರೆ ಅದೇ ಅಂತ ತಿಳಿಯಿರಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಮೊದಲು ಅವರಿಗೆ ಕುಂದರಾಕ ಹೇಳ್ರಿ.